35ನೇ ವಯಸ್ಸಿಗೆ ಸಿಕ್ಕ ತವರಿನ ಜೆರ್ಸಿ

1980ರ ಜುಲೈ 8, ಮಂಗಳವಾರ ರಾತ್ರಿ. ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್ ಮೈದಾನದಲ್ಲಿ ಸುಮಾರು 33 ಸಾವಿರ ಜನ ಸೇರಿದ್ದರು. ಕ್ವೀನ್ಸ್‌ಲ್ಯಾಂಡ್‌ನ ಮರೂನ್ ಜೆರ್ಸಿ ತೊಟ್ಟ ತಂಡ ಒಳಗೆ ಓಡಿ ಬಂತು. ಮುಂದಿದ್ದವರು 35 ವರ್ಷದ, ಭಾರೀ ಮೈಕಟ್ಟಿನ ರಗ್ಬಿ ಲೀಗ್ ಆಟಗಾರ ಆರ್ಥರ್ ಬೀಟ್ಸನ್. ಅವರನ್ನು ನೋಡಿದ್ದೇ ತಡ, ಇಡೀ ಮೈದಾನ ಬೊಬ್ಬೆ ಹೊಡೆಯಿತು.

ಆಗ ಬೀಟ್ಸನ್ ಸಿಡ್ನಿಯ ಪ್ಯಾರಮಟ್ಟಾ ಕ್ಲಬ್ಬಿನಲ್ಲಿದ್ದರು. ಅಲ್ಲೂ ಮೊದಲ ತಂಡದಲ್ಲಿ ಜಾಗ ಕಳೆದುಕೊಂಡು ರಿಸರ್ವ್ ತಂಡದಲ್ಲಿ ಆಡುತ್ತಿದ್ದರು. ಆಸ್ಟ್ರೇಲಿಯಾ ತಂಡಕ್ಕೆ ನಾಯಕನಾಗಿದ್ದವರು, ವಿಶ್ವಕಪ್ ಗೆದ್ದವರು. ಹುಟ್ಟಿ ಬೆಳೆದಿದ್ದು ಕ್ವೀನ್ಸ್‌ಲ್ಯಾಂಡ್‌ನಲ್ಲೇ. ಆದರೂ ತವರು ರಾಜ್ಯದ ಪರವಾಗಿ ಅವರು ಆಡಿದ ಮೊದಲ ಪಂದ್ಯ ಅದು. ಇಷ್ಟು ತಡ ಯಾಕಾಯಿತು? ಅದು ಗೊತ್ತಾದರೆ, ಇವತ್ತು ಆಸ್ಟ್ರೇಲಿಯಾದವರು ಉಸಿರು ಬಿಗಿಹಿಡಿದು ನೋಡುವ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ‘ಸ್ಟೇಟ್ ಆಫ್ ಒರಿಜಿನ್’ ಪಂದ್ಯಗಳು ಹೇಗೆ ಹುಟ್ಟಿದವು ಅನ್ನೋದೂ ಗೊತ್ತಾಗುತ್ತದೆ.

ಮೊದಲು ಆಟದ ಬಗ್ಗೆ ಎರಡು ಮಾತು. ರಗ್ಬಿ ಲೀಗ್ ಹುಟ್ಟಿದ್ದು 1895ರಲ್ಲಿ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ. ಆಟಕ್ಕಾಗಿ ಕೆಲಸ ಬಿಟ್ಟು ಬರುವ ಗಣಿ ಮತ್ತು ಗಿರಣಿ ಕಾರ್ಮಿಕರಿಗೆ ಆ ದಿನದ ಕೂಲಿ ಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಮೂಲ ರಗ್ಬಿಯಿಂದ ಬೇರೆಯಾದವು. ಒಂದು ತಂಡಕ್ಕೆ 13 ಜನ. ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡವಿದರೆ ಅದು ಒಂದು ಟ್ಯಾಕಲ್. ಆರು ಟ್ಯಾಕಲ್ ಆದರೆ ಚೆಂಡು ಎದುರಾಳಿಯ ಪಾಲು. ಫಾರ್ವರ್ಡ್‌ಗಳ (ಮುಂಚೂಣಿಯ ದಾಂಡಿಗ ಆಟಗಾರರ) ಕೆಲಸ ಹೊರನೋಟಕ್ಕೆ ಸರಳ: ಗೋಡೆಯಂತೆ ನಿಂತ ಎದುರಾಳಿಗಳಿಗೆ ನೇರವಾಗಿ ನುಗ್ಗೋದು, ಬೀಳೋದು, ಎದ್ದು ಮತ್ತೆ ನುಗ್ಗೋದು.

ಬೀಟ್ಸನ್ ನುಗ್ಗುತ್ತಿದ್ದರು, ಆದರೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಹಳೆಯ ವಿಡಿಯೋಗಳನ್ನು ನೋಡಿ. ಒಬ್ಬ ಸೊಂಟ ಹಿಡಿದಿದ್ದಾನೆ, ಇನ್ನೊಬ್ಬ ಹೆಗಲಿಗೆ ಜೋತು ಬಿದ್ದಿದ್ದಾನೆ. ಕಬಡ್ಡಿಯಲ್ಲಿ ರೈಡರ್‌ನನ್ನು ನಾಲ್ಕು ಜನ ಮುತ್ತಿಕೊಂಡ ಹಾಗೆ. ಕಥೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಆ ಗುಂಪಿನ ಮೇಲಿಂದ ಒಂದು ಕೈ ಹೊರಗೆ ಬರುತ್ತದೆ. ಅಂಗೈಯಲ್ಲಿ ಚೆಂಡು. ಪಕ್ಕದಲ್ಲಿ ಓಡಿ ಬರುವ ಜೊತೆಗಾರನಿಗೆ ಅದನ್ನು ಮೆತ್ತಗೆ ದಾಟಿಸುತ್ತಾರೆ. ಇದಕ್ಕೆ ಆಫ್‌ಲೋಡ್ ಅನ್ನುತ್ತಾರೆ. ಅಷ್ಟು ದೊಡ್ಡ ಮನುಷ್ಯನ ಕೈಯಲ್ಲಿ ಅಷ್ಟು ನಾಜೂಕು! ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಅವರು ಹುಟ್ಟಿದ್ದು 1945ರ ಜನವರಿ 22ರಂದು, ಕ್ವೀನ್ಸ್‌ಲ್ಯಾಂಡ್‌ನ ಒಳನಾಡಿನ ರೋಮಾ ಎಂಬ ಊರಿನಲ್ಲಿ. ತಾಯಿ ಮೂಲನಿವಾಸಿ ಸಮುದಾಯದವರು. ಬ್ರಿಸ್ಬೇನ್ ಪಕ್ಕದ ರೆಡ್‌ಕ್ಲಿಫ್ ಕ್ಲಬ್ ಸೇರಿ 1965ರಲ್ಲಿ ಅಲ್ಲಿನ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. ಮರುವರ್ಷ ಸಿಡ್ನಿಯ ಬಾಲ್ಮೇನ್ ಕ್ಲಬ್ ಕರೆಯಿತು, ಹೋದರು.

ತೊಡಕು ಶುರುವಾಗಿದ್ದು ಇಲ್ಲೇ. ಆಗಿನ ನಿಯಮದ ಪ್ರಕಾರ ಆಟಗಾರ ಯಾವ ರಾಜ್ಯದ ಕ್ಲಬ್ಬಿಗೆ ಆಡುತ್ತಾನೋ ಆ ರಾಜ್ಯದ ತಂಡಕ್ಕೇ ಆಡಬೇಕಿತ್ತು. ಹುಟ್ಟಿದ ಊರು ಲೆಕ್ಕಕ್ಕಿರಲಿಲ್ಲ. ದುಡ್ಡೆಲ್ಲ ಇದ್ದದ್ದು ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದ ರಾಜಧಾನಿ ಸಿಡ್ನಿಯಲ್ಲಿ. ನ್ಯೂ ಸೌತ್ ವೇಲ್ಸ್ ಸರ್ಕಾರ 1956ರಲ್ಲಿ ಕ್ಲಬ್ಬುಗಳಲ್ಲಿ ಪೋಕರ್ ಯಂತ್ರಗಳಿಗೆ, ಅಂದರೆ ನಾಣ್ಯ ಹಾಕಿ ಜೂಜಾಡುವ ಯಂತ್ರಗಳಿಗೆ, ಅನುಮತಿ ಕೊಟ್ಟಿತ್ತು. ಕ್ವೀನ್ಸ್‌ಲ್ಯಾಂಡ್‌ನ ಕ್ಲಬ್ಬುಗಳಿಗೆ ಅವು ಬಂದಿದ್ದು 1990ರ ದಶಕದಲ್ಲಿ. ನಡುವಿನ ಮೂವತ್ತೈದು ವರ್ಷ ಸಿಡ್ನಿಯ ಕ್ಲಬ್ಬುಗಳು ಆ ಹಣದಿಂದ ಉತ್ತರದ ಒಳ್ಳೊಳ್ಳೆ ಹುಡುಗರನ್ನು ಎಳೆದುಕೊಂಡವು. ಆ ಹುಡುಗರೇ ನ್ಯೂ ಸೌತ್ ವೇಲ್ಸ್ ತಂಡದ ನೀಲಿ ಜೆರ್ಸಿ ಹಾಕಿಕೊಂಡು ಬಂದು ತವರನ್ನು ಸೋಲಿಸುತ್ತಿದ್ದರು. 1959ರ ನಂತರ ಕ್ವೀನ್ಸ್‌ಲ್ಯಾಂಡ್ ಒಂದು ಸರಣಿಯನ್ನೂ ಗೆದ್ದಿರಲಿಲ್ಲ. ಹೀಗೆ ನೀಲಿ ಜೆರ್ಸಿ ತೊಟ್ಟವರಲ್ಲಿ ಬೀಟ್ಸನ್ ಕೂಡ ಒಬ್ಬರು.

1966ರಲ್ಲೇ ಅವರು ದೇಶದ ಪರ ಮೊದಲ ಟೆಸ್ಟ್ ಆಡಿದರು, ಗ್ರೇಟ್ ಬ್ರಿಟನ್ ವಿರುದ್ಧ. ಆಗಿನ್ನೂ ಮೂಲನಿವಾಸಿಗಳನ್ನು ಜನಗಣತಿಯ ಲೆಕ್ಕದಿಂದ ಹೊರಗಿಡುವ ವಿಧಿ ಆಸ್ಟ್ರೇಲಿಯಾದ ಸಂವಿಧಾನದಲ್ಲಿತ್ತು. 1967ರ ಮೇ ತಿಂಗಳ ಜನಮತದಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಅದನ್ನು ತೆಗೆಯಿರಿ ಎಂದರು. ಅದಕ್ಕೂ ಮೂವತ್ತು ವರ್ಷ ಹಿಂದೆ ಇದೇ ಕ್ವೀನ್ಸ್‌ಲ್ಯಾಂಡ್‌ನ ಷೆರ್ಬರ್ಗ್ ಎಂಬ ಮೂಲನಿವಾಸಿಗಳ ವಸತಿಯಲ್ಲಿ ಫ್ರಾಂಕ್ ಫಿಶರ್ ಎಂಬ ಅದ್ಭುತ ಆಟಗಾರ ಇದ್ದರು. ಬ್ರಿಟನ್‌ನಿಂದ ಬಂದ ತಂಡದವರೇ ಅವರ ಆಟಕ್ಕೆ ಬೆರಗಾಗಿದ್ದರು. ಇಂಗ್ಲೆಂಡಿಗೆ ಹೋಗಿ ಆಡಲು ಅಧಿಕಾರಿಗಳು ಅವರಿಗೆ ಅನುಮತಿ ಕೊಡಲಿಲ್ಲ. ಫಿಶರ್ ಅವರ ಮೊಮ್ಮಗಳೇ ಒಲಿಂಪಿಕ್ಸ್ ಚಿನ್ನ ಗೆದ್ದ ಓಟಗಾರ್ತಿ ಕ್ಯಾಥಿ ಫ್ರೀಮನ್. ಬೀಟ್ಸನ್ ಸಿಡ್ನಿಗೆ ಹೊರಟಾಗ ಅವರ ಬೆನ್ನಿಗೆ ಇಂಥ ಚರಿತ್ರೆ ಇತ್ತು.

ಬಾಲ್ಮೇನ್‌ನ ದಿನಗಳು ಏರುಪೇರಿನವು. ಮೊದಲ ಟೆಸ್ಟ್‌ನ ಮೊದಲಾರ್ಧದಲ್ಲಿ ಮಿಂಚಿದ ಬೀಟ್ಸನ್ ಎರಡನೇ ಅರ್ಧಕ್ಕೆ ಬರಲೇ ಇಲ್ಲ. ‘ಅರ್ಧ ಪಂದ್ಯದ ಆರ್ಟಿ’ ಎಂಬ ಹೆಸರು ಅಂಟಿಕೊಂಡಿತು. ಈ ಮಾತು ನನಗೆ ಇಂದಿಗೂ ಹಿಡಿಸುವುದಿಲ್ಲ. ಸೋಮಾರಿ ಎಂಬ ಹಣೆಪಟ್ಟಿಯನ್ನು ಮೂಲನಿವಾಸಿಗಳಿಗೆ ಎಷ್ಟು ಸುಲಭವಾಗಿ ಹಚ್ಚುತ್ತಿದ್ದರು ಅಂತ ಗೊತ್ತಿದ್ದವರಿಗೆ ಇದು ಸುಮ್ನೆ ತಮಾಷೆ ಅನಿಸುವುದಿಲ್ಲ. ಅವರ ಸಿಟ್ಟೂ ಅವರಿಗೆ ಮುಳುವಾಯಿತು. 1969ರ ಸೆಮಿಫೈನಲ್ ಹಂತದಲ್ಲಿ ರೆಫರಿ ಅವರನ್ನು ಹೊರಗೆ ಕಳುಹಿಸಿದರು, ನಿಷೇಧವೂ ಆಯಿತು. ಗ್ರ್ಯಾಂಡ್ ಫೈನಲ್‌ನಲ್ಲಿ ಬಾಲ್ಮೇನ್ ಬಲಿಷ್ಠ ಸೌತ್ ಸಿಡ್ನಿಯನ್ನು 11–2ರಲ್ಲಿ ಸೋಲಿಸಿದಾಗ ಬೀಟ್ಸನ್ ಅಂಗಳದಲ್ಲಿರಲಿಲ್ಲ.

1971ರಲ್ಲಿ ಈಸ್ಟರ್ನ್ ಸಬರ್ಬ್ಸ್ ಕ್ಲಬ್ಬಿಗೆ ಬಂದರು. 1974ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದವರು ಜ್ಯಾಕ್ ಗಿಬ್ಸನ್. ಯಾರು ಎಷ್ಟು ಟ್ಯಾಕಲ್ ಮಾಡಿದರು ಎಂದು ಎಣಿಸಿ ಬರೆದಿಡುತ್ತಿದ್ದ, ಅಮೆರಿಕನ್ ಫುಟ್‌ಬಾಲ್‌ನಿಂದ ಕಲಿತು ತಂದ ಮನುಷ್ಯ ಅವರು. ಬೀಟ್ಸನ್ ನಾಯಕ, ಗಿಬ್ಸನ್ ಕೋಚ್. 1974, 1975 ಎರಡೂ ವರ್ಷ ಪ್ರಶಸ್ತಿ ಬಂತು. 1975ರಲ್ಲಿ ಸತತ 19 ಗೆಲುವು, ಫೈನಲ್‌ನಲ್ಲಿ ಸೇಂಟ್ ಜಾರ್ಜ್ ವಿರುದ್ಧ 38–0. ಅರ್ಧ ಪಂದ್ಯದ ಆಟಗಾರನ ಕೈಯಲ್ಲಿ ಆಗುವ ಕೆಲಸವೇ ಇದು?

ಈ ನಡುವೆ 1973ರ ಪ್ರವಾಸದಲ್ಲಿ ಅವರು ಆಸ್ಟ್ರೇಲಿಯಾ ತಂಡದ ನಾಯಕರಾದರು. ಯಾವುದೇ ಕ್ರೀಡೆಯಲ್ಲಿ ದೇಶದ ತಂಡವನ್ನು ಮುನ್ನಡೆಸಿದ ಮೊದಲ ಮೂಲನಿವಾಸಿ ಎಂದು ಆ ದೇಶ ಅವರನ್ನು ನೆನೆಯುತ್ತದೆ. 1977ರ ವಿಶ್ವಕಪ್ ಗೆದ್ದ ತಂಡಕ್ಕೂ ಅವರೇ ನಾಯಕ.

ಆದರೆ ತವರಿನ ಜೆರ್ಸಿ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ದಾರಿ ತೋರಿಸಿದ್ದು ಇನ್ನೊಂದು ಆಟ. 1977ರಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನವರು ಒಂದು ಪ್ರಯೋಗ ಮಾಡಿದರು. ಎಲ್ಲಿ ಆಡುತ್ತಿದ್ದರೂ ಸರಿ, ಮೂಲ ರಾಜ್ಯಕ್ಕೆ ಆಡಿ ಎಂದರು. ವೆಸ್ಟರ್ನ್ ಆಸ್ಟ್ರೇಲಿಯಾ ವಿಕ್ಟೋರಿಯಾವನ್ನು 94 ಪಾಯಿಂಟ್‌ಗಳಿಂದ ಬಗ್ಗುಬಡಿಯಿತು. ಇದೇ ಉಪಾಯವನ್ನು ಕ್ವೀನ್ಸ್‌ಲ್ಯಾಂಡ್ ರಗ್ಬಿ ಲೀಗ್‌ನ ಮುಖ್ಯಸ್ಥ, ಸೆನೆಟರ್ ಕೂಡ ಆಗಿದ್ದ ರಾನ್ ಮೆಕಾಲಿಫ್ ಹಟ ಹಿಡಿದು ತಮ್ಮ ಆಟಕ್ಕೆ ತಂದರು. ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್‌ನ ಮುಖ್ಯಸ್ಥ, ಸಿಡ್ನಿಯ ಕೆವಿನ್ ಹಂಫ್ರೀಸ್ ಒಪ್ಪಿದರು. 1980ರ ಸರಣಿಯ ಮೊದಲ ಎರಡು ಪಂದ್ಯ ಹಳೆಯ ನಿಯಮದಲ್ಲೇ ನಡೆದು, ಎರಡನ್ನೂ ನ್ಯೂ ಸೌತ್ ವೇಲ್ಸ್ ಗೆದ್ದಿತ್ತು. ಸಿಡ್ನಿಯಲ್ಲಿ ನಡೆದ ಪಂದ್ಯಕ್ಕೆ ಎರಡು ಸಾವಿರ ಜನವೂ ಬಂದಿರಲಿಲ್ಲ. ಮೂರನೆಯದು ಹೇಗೂ ಲೆಕ್ಕಕ್ಕಿಲ್ಲದ ಪಂದ್ಯ, ಪ್ರಯೋಗ ಮಾಡಿ ನೋಡೋಣ ಎಂಬಂತಿತ್ತು. ಸಿಡ್ನಿಯ ಹೆಸರಾಂತ ಆಟಗಾರರೇ ಇದನ್ನು ಹಗುರವಾಗಿ ತಳ್ಳಿಹಾಕಿದ್ದರು. ಕ್ಲಬ್ಬಿನಲ್ಲಿ ಜೊತೆಯಾಗಿ ಆಡುವವರು ಒಂದು ರಾತ್ರಿಗಾಗಿ ಹೊಡೆದಾಡುತ್ತಾರಾ ಎಂಬುದೇ ಅವರ ಅನುಮಾನ.

ಆ ಅನುಮಾನಕ್ಕೆ ಬೀಟ್ಸನ್ ಉತ್ತರ ಕೊಟ್ಟರು. ನ್ಯೂ ಸೌತ್ ವೇಲ್ಸ್ ತಂಡದ ಮಿಕ್ ಕ್ರೋನಿನ್ ಪ್ಯಾರಮಟ್ಟಾದಲ್ಲಿ ಅವರದೇ ಜೊತೆಗಾರ. ಕ್ರೋನಿನ್ ಚೆಂಡು ಹಿಡಿದು ಬಂದಾಗ ಬೀಟ್ಸನ್‌ರ ಕೈ ಅವರ ಮುಖಕ್ಕೆ ಅಪ್ಪಳಿಸಿತು. ಅದು ಗುದ್ದೋ, ಟ್ಯಾಕಲ್ ಮಾಡುವ ಭರದಲ್ಲಿ ತಗುಲಿದ ಏಟೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಮೈದಾನದಲ್ಲಿದ್ದ ಜನಕ್ಕೆ ಅರ್ಥವಾಗಿದ್ದು ಒಂದೇ. ಇದು ಪ್ರದರ್ಶನ ಪಂದ್ಯ ಅಲ್ಲ. ಅದೇ ದಿನ 20 ವರ್ಷ ತುಂಬಿದ ಮಾಲ್ ಮೆನಿಂಗಾ ಎಂಬ ಹುಡುಗ ಚೆಂಡನ್ನು ಕಂಬಗಳ ನಡುವೆ ಒದ್ದು ಏಳಕ್ಕೆ ಏಳೂ ಗೋಲು ಗಳಿಸಿದ. ಕೆರಿ ಬೂಸ್ಟೆಡ್, ಕ್ರಿಸ್ ಕ್ಲೋಸ್ ಒಂದೊಂದು ಟ್ರೈ ಗಳಿಸಿದರು, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದರು. ಕ್ವೀನ್ಸ್‌ಲ್ಯಾಂಡ್ 20, ನ್ಯೂ ಸೌತ್ ವೇಲ್ಸ್ 10.

ಒರಿಜಿನ್‌ನಲ್ಲಿ ಬೀಟ್ಸನ್ ಆಡಿದ್ದು ಆ ಒಂದೇ ಪಂದ್ಯ. 1981ರಲ್ಲಿ ಗಾಯದಿಂದ ಹಿಂದೆ ಸರಿದು ಕೋಚ್ ಆಗಿ ಬೆಂಚಿಗೆ ಬಂದರು. ನಾಯಕತ್ವ ವಾಲಿ ಲೂಯಿಸ್‌ಗೆ ಹೋಯಿತು. 0–15 ಹಿಂದೆ ಬಿದ್ದಿದ್ದ ತಂಡ 22–15ರಲ್ಲಿ ಗೆದ್ದಿತು. ಮುಂದೆ ಮೂರೂ ಪಂದ್ಯ ಒರಿಜಿನ್ ನಿಯಮದಲ್ಲೇ ನಡೆಯತೊಡಗಿದವು. 1982, 1983, 1984, ಮೂರೂ ಸರಣಿ ಬೀಟ್ಸನ್ ಹುಡುಗರದ್ದೇ. 1983ರಲ್ಲಿ ಆಸ್ಟ್ರೇಲಿಯಾ ತಂಡಕ್ಕೂ ಅವರು ಕೋಚ್ ಆದರು.

ಕ್ಲಬ್ ಕೋಚ್ ಆಗಿ ಅವರ ದಾಖಲೆ ಅಷ್ಟು ದೊಡ್ಡದಲ್ಲ. 1987ರಲ್ಲಿ ಈಸ್ಟರ್ನ್ ಸಬರ್ಬ್ಸ್ ತಂಡವನ್ನು ಫೈನಲ್‌ನ ಒಂದು ಮೆಟ್ಟಿಲು ಹಿಂದಿನವರೆಗೆ ತಂದರು. ನಂತರ ಕ್ರೊನಲಾದಲ್ಲಿ ಎರಡು ವರ್ಷ. ಪ್ರಶಸ್ತಿ ಬರಲಿಲ್ಲ. ಅವರ ಕೈಗುಣ ಏನಿದ್ದರೂ ಮರೂನ್ ಜೆರ್ಸಿಯ ಜೊತೆ.

1989ರಲ್ಲಿ ಕ್ವೀನ್ಸ್‌ಲ್ಯಾಂಡ್ ಅವರನ್ನು ಮತ್ತೆ ಕರೆಯಿತು. ಆ ವರ್ಷ ಸಿಡ್ನಿಯಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಅಲನ್ ಲ್ಯಾಂಗರ್ ಕಾಲು ಮುರಿಯಿತು. ಮೆನಿಂಗಾ ಕಣ್ಣಿನ ಸುತ್ತಲಿನ ಮೂಳೆ ಬಿರುಕು ಬಿಟ್ಟಿತು. ಪಾಲ್ ವಾಟಿನ್‌ಗೆ ಮೊಣಕೈ, ಪೀಟರ್ ಜ್ಯಾಕ್ಸನ್‌ಗೆ ಭುಜ. ಬಾಬ್ ಲಿಂಡ್ನರ್ ಮೂಳೆ ಮುರಿದ ಕಾಲಿನಲ್ಲೇ ಆಡುತ್ತಿದ್ದರು. ಕೊನೆಗೆ ಅಂಗಳದಲ್ಲಿ ಉಳಿದದ್ದು 12 ಜನ. ಲೂಯಿಸ್ ಒಬ್ಬರೇ ನುಗ್ಗಿ ಹೋಗಿ ಟ್ರೈ ಹೊಡೆದರು. 16–12. ಸರಣಿ 3–0.

2003ರಲ್ಲಿ ಬೀಟ್ಸನ್ ರಗ್ಬಿ ಲೀಗ್‌ನ ಏಳನೇ ‘ಇಮ್ಮಾರ್ಟಲ್’ ಆದರು. ಆ ಆಟದಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ. 2006ರಿಂದ ಕ್ವೀನ್ಸ್‌ಲ್ಯಾಂಡ್ ಸರಣಿಯ ಮೇಲೆ ಸರಣಿ ಗೆಲ್ಲುತ್ತಾ ಹೋಯಿತು. ಆಗ ತಂಡದ ಕೋಚ್ ಯಾರು ಗೊತ್ತಾ? 1980ರಲ್ಲಿ ಏಳು ಗೋಲು ಒದ್ದ ಅದೇ ಮೆನಿಂಗಾ. ಸತತ ಆರನೇ ಸರಣಿ 2011ರ ಜುಲೈನಲ್ಲಿ ಲ್ಯಾಂಗ್ ಪಾರ್ಕ್‌ನಲ್ಲೇ ಕೈಸೇರಿತು. ಆ ವರ್ಷದ ಡಿಸೆಂಬರ್ 1ರಂದು ಗೋಲ್ಡ್ ಕೋಸ್ಟ್‌ನಲ್ಲಿ ಸೈಕಲ್ ಹೊಡೆಯುತ್ತಿದ್ದಾಗ ಬೀಟ್ಸನ್‌ಗೆ ಹೃದಯಾಘಾತವಾಯಿತು. 66 ವರ್ಷ. ಲ್ಯಾಂಗ್ ಪಾರ್ಕ್‌ನ ಹೊರಗೆ ಈಗ ಅವರ ಪ್ರತಿಮೆ ಇದೆ. ಒರಿಜಿನ್ ರಾತ್ರಿಗಳಲ್ಲಿ ಮರೂನ್ ಜೆರ್ಸಿಯ ಜನ ಅದರ ಪಕ್ಕದಿಂದಲೇ ಒಳಗೆ ಹೋಗುತ್ತಾರೆ.