ಡೆಮೊ ಕೇಳಿ ಮರುಳಾಗುವ ಮುನ್ನ

ಕಂಪ್ಯೂಟರಿನಲ್ಲಿ ಸಂಗೀತ ಸಂಯೋಜಿಸಲು ಶುರುಮಾಡಿದವರು ಮೊದಲು ಕೇಳುವುದು, "ಯಾವ ಸ್ಯಾಂಪಲ್ ಲೈಬ್ರರಿ ತಗೊಳ್ಳಲಿ?" ಅಂತ. ನಿಜವಾದ ವಾದ್ಯಗಳ ಸ್ವರಗಳನ್ನು ರೆಕಾರ್ಡ್ ಮಾಡಿ, ಕೀಬೋರ್ಡಿನಿಂದ ನುಡಿಸಲು ಬರುವಂತೆ ಜೋಡಿಸಿದ ಸಂಗ್ರಹ ಅದು. ಈಗಾಗಲೇ ಇರುವುದರಲ್ಲಿ ಕೀಬೋರ್ಡಿನ ಮಾಡ್ಯುಲೇಶನ್ ವೀಲ್ ಎಂಬ ಚಕ್ರ ತಿರುಗಿಸಿದರೆ ಏನಾಗುತ್ತದೆ ಎಂದು ನಾನು ತಿರುಗಿ ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ. ಡಿಸ್ಕ್ ತುಂಬಿರುತ್ತದೆ, ಹಾಡು ಮುಂದೆ ಸರಿದಿರುವುದಿಲ್ಲ.

ಕಂಪನಿಯ ಡೆಮೊ ನಂಬಿ ಕೊಳ್ಳಬೇಡಿ. ಅದನ್ನು ಮಾಡಿದ್ದು ಪಳಗಿದ ಕೈ. ರಿವರ್ಬ್, ಮಿಕ್ಸಿಂಗ್ ಎಲ್ಲ ಆಗಿರುತ್ತದೆ. ಆ ಲೈಬ್ರರಿಗೆ ಒಗ್ಗದ ಸಾಲನ್ನು ಅವರು ಬರೆದಿರುವುದೇ ಇಲ್ಲ. ಒಂದೇ ವಾದ್ಯವನ್ನು ಬರಿದಾಗಿ ನುಡಿಸಿ ತೋರಿಸುವ ವಿಡಿಯೊ ಹುಡುಕಿ, ಮೆದು ಸ್ವರಗಳಿಗೆ ಕಿವಿಗೊಡಿ. ಅಬ್ಬರ ಯಾವ ಲೈಬ್ರರಿಗೂ ಬರುತ್ತದೆ.

ಕೈಗೆ ಸಿಕ್ಕಮೇಲೆ ಒಂದು ಉದ್ದನೆಯ ಸ್ವರ ಹಿಡಿದು ವೀಲನ್ನು 0ಯಿಂದ 127ರವರೆಗೆ ನಿಧಾನವಾಗಿ ಏರಿಸಿ. ಮೆದುವಾಗಿ ನುಡಿಸಿದ್ದು, ಜೋರಾಗಿ ನುಡಿಸಿದ್ದು ಬೇರೆಬೇರೆ ರೆಕಾರ್ಡಿಂಗ್‌ಗಳು. ವೀಲ್ ಒಂದನ್ನು ಇಳಿಸುತ್ತ ಇನ್ನೊಂದನ್ನು ಏರಿಸುತ್ತದೆ. ಒಂಟಿ ಕೊಳಲಿನಲ್ಲಿ ನಡುವೆ ಇಬ್ಬರು ನುಡಿಸಿದಂತೆ ಕೇಳಿಸಿತೋ, ಬೆಸುಗೆ ಸರಿಯಾಗಿಲ್ಲ. ಆಮೇಲೆ ಸ್ಟಕಾಟೊದಲ್ಲಿ, ಅಂದರೆ ತುಂಡುತುಂಡಾಗಿ ನುಡಿಸುವ ರೀತಿಯಲ್ಲಿ, ಒಂದೇ ಸ್ವರವನ್ನು ಎಂಟು ಸಲ ಒತ್ತಿ. ಎಂಟೂ ತದ್ರೂಪಾದರೆ ಮಷಿನ್‌ಗನ್ ಸದ್ದಾಗುತ್ತದೆ. ರೌಂಡ್ ರಾಬಿನ್ ಇದ್ದರೆ ಅದೇ ಸ್ವರದ ಹಲವು ರೆಕಾರ್ಡಿಂಗ್‌ಗಳು ಸರದಿಯಲ್ಲಿ ಬರುತ್ತವೆ.

ಕಲಿಯುವಾಗ ಎಲ್ಲರೂ ಎಡವುವುದು ಎರಡು ಕಡೆ. ಒಂದು, ಸಿಸಿ 1 ಮತ್ತು ಸಿಸಿ 11. ಕೀಬೋರ್ಡ್ ಕಂಪ್ಯೂಟರಿಗೆ ಕಳಿಸುವ ಸೂಚನೆಗಳ ಭಾಷೆ ಮಿಡಿ; ಅದರಲ್ಲಿನ ನಿಯಂತ್ರಣಗಳ ಸಂಖ್ಯೆಗಳಿವು. ಹೆಚ್ಚಿನ ಆರ್ಕೆಸ್ಟ್ರಾ ಲೈಬ್ರರಿಗಳಲ್ಲಿ ಸಿಸಿ 1, ಅಂದರೆ ವೀಲ್, ನಾದದ ಬಣ್ಣವನ್ನೇ ಬದಲಿಸುತ್ತದೆ. ಸಿಸಿ 11 ಬರೀ ಸದ್ದನ್ನು ಏರಿಳಿಸುತ್ತದೆ. ಎರಡನೆಯದನ್ನಷ್ಟೇ ಎಳೆದರೆ ಮೆದುವಾಗಿ ನುಡಿಸಿದ ವಯಲಿನ್ ಜೋರಾಗಿ ಕೇಳಿಸುತ್ತದೆ, ಕಸುವು ಬರುವುದಿಲ್ಲ. ಹಾಗಂತ ವೀಲನ್ನು ಒಂದೇ ಮಟ್ಟದಲ್ಲಿ ಬಿಡಬೇಡಿ. ಉದ್ದನೆಯ ಸ್ವರ ಉಸಿರಾಡಬೇಕು.

ಇನ್ನೊಂದು ಲೆಗಾಟೊ, ಅಂದರೆ ಸ್ವರಗಳನ್ನು ಕಡಿಯದೆ ಬೆಸೆದು ನುಡಿಸುವುದು. ಸ್ವರದಿಂದ ಸ್ವರಕ್ಕೆ ಹೋಗುವ ಜಾರನ್ನೂ ರೆಕಾರ್ಡ್ ಮಾಡಿರುತ್ತಾರೆ, ಅದು ಮುಗಿದ ಮೇಲೆಯೇ ಹೊಸ ಸ್ವರ ನೆಲೆಗೊಳ್ಳುವುದು. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಅರ್ಧ ಬೀಟ್ ಅಂದರೆ 250 ಮಿಲಿಸೆಕೆಂಡ್. ಆ ಜಾರುವಿಕೆಗೇ 150 ಮಿಲಿಸೆಕೆಂಡ್ ಹೋದರೆ, ತಂತ್ರಾಂಶದ ತಾಳದ ಗೆರೆಗಳಿಗೆ (ಗ್ರಿಡ್) ಕರಾರುವಾಕ್ಕಾಗಿ ಕೂರಿಸಿದ ಸ್ವರವೂ ತಡವಾಗಿ ಬಂದಂತೆ ಕೇಳುತ್ತದೆ. ತಾಳ ತಪ್ಪಿತೆಂದು ಮತ್ತೆ ಮತ್ತೆ ಕ್ವಾಂಟೈಸ್ ಮಾಡಿ, ಅಂದರೆ ಸ್ವರಗಳನ್ನು ಗ್ರಿಡ್‌ಗೆ ಎಳೆದು ಕೂರಿಸಿ, ಫಲವಿಲ್ಲ. ಟ್ರ್ಯಾಕ್‌ಗೆ ಅಷ್ಟು ಮೈನಸ್ ಡಿಲೇ ಕೊಡಿ, ಸ್ವರ ಅಷ್ಟು ಮುಂಚೆಯೇ ಶುರುವಾಗುತ್ತದೆ. ಸ್ಟಕಾಟೊಗೆ ಅಷ್ಟು ಬೇಡವಾದ್ದರಿಂದ ಅದನ್ನು ಬೇರೆ ಟ್ರ್ಯಾಕಿನಲ್ಲಿಡುವುದು ಸಲೀಸು. ಒಂದು ಲೈಬ್ರರಿಯ ಈ ಅಂಕಿಗಳು ಕೈಗೆ ಹತ್ತಲು ತಿಂಗಳುಗಳು ಬೇಕು, ಇನ್ನೊಂದರಲ್ಲಿ ಅವೆಲ್ಲ ಬೇರೆಯೇ. ಹಾಗಾಗಿ ಸದ್ಯಕ್ಕೆ ಒಂದೇ ಸಾಕು ಅನ್ನುವುದು ನನ್ನ ಹಟ.

ಕೀಸ್ವಿಚ್ (ಲೆಗಾಟೊ, ಸ್ಟಕಾಟೊ ಹೀಗೆ ನುಡಿಸುವ ರೀತಿಯನ್ನು ಬದಲಿಸುವ ಕೀ) ಕೆಲಸ ಮಾಡುತ್ತಿಲ್ಲ ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೆ: ಮಿಡಿಯ 60ನೇ ಸ್ವರವನ್ನು ಕೆಲವು ತಂತ್ರಾಂಶಗಳು ಸಿ3 ಅಂತಲೂ ಕೆಲವು ಸಿ4 ಅಂತಲೂ ಕರೆಯುತ್ತವೆ. ಒಂದು ಆಕ್ಟೇವ್ ಮೇಲೆ ಕೆಳಗೆ ಒತ್ತಿ ನೋಡಿ.

ಶುರುವಿಗೆ ಸ್ಪಿಟ್‌ಫೈರ್ ಕಂಪನಿಯ ಉಚಿತ ಲೈಬ್ರರಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಡಿಸ್ಕವರ್ ಧಾರಾಳ ಸಾಕು. ಅದರ ಪ್ರೊ ಆವೃತ್ತಿ ಸುಮಾರು 600 ಜಿಬಿ, ಡಿಸ್ಕವರ್ ಕೆಲವೇ ನೂರು ಎಂಬಿ. ಇಲ್ಲಿ ಬರೆದದ್ದನ್ನು ಮುಂದೆ ದೊಡ್ಡ ಆವೃತ್ತಿಗೆ ಸಾಗಿಸಬಹುದು. ದೊಡ್ಡದಕ್ಕೆ ಹೋಗುವಾಗ ಎಸ್‌ಎಸ್‌ಡಿ ಇರಲಿ: ಸ್ಯಾಂಪಲ್‌ನ ಆರಂಭದ ತುಣುಕು ಮಾತ್ರ ರ‍್ಯಾಮ್‌ನಲ್ಲಿದ್ದು, ಉಳಿದದ್ದು ನುಡಿಸುತ್ತಿರುವಾಗಲೇ ಡಿಸ್ಕ್‌ನಿಂದ ಬರುತ್ತದೆ.

ಕಾಂಟ್ಯಾಕ್ಟ್ ಎಂಬ ತಂತ್ರಾಂಶದೊಳಗೆ ತೆರೆಯುವ ಲೈಬ್ರರಿಯಾದರೆ ಅದರ ಉಚಿತ ಪ್ಲೇಯರ್‌ನಲ್ಲಿ ನಡೆಯುತ್ತದೋ, ಪೂರ್ತಿ ಕಾಂಟ್ಯಾಕ್ಟ್ ಬೇಕೋ ನೋಡಿಕೊಳ್ಳಿ. ಪೂರ್ತಿ ಬೇಕಾದದ್ದನ್ನು ಪ್ಲೇಯರ್‌ನಲ್ಲಿ ತೆರೆದರೆ 15 ನಿಮಿಷಕ್ಕೆ ಸದ್ದು ನಿಲ್ಲುತ್ತದೆ. ಪರವಾನಗಿಯನ್ನೂ ಓದಿ. ಒಮ್ಮೆ ಕೊಂಡದ್ದನ್ನು ಇನ್ನೊಬ್ಬರಿಗೆ ಮಾರಲು ಅನೇಕ ಕಂಪನಿಗಳು ಬಿಡುವುದಿಲ್ಲ.