ಮೂರು ಚುಕ್ಕಿಯೋ, ನಾಲ್ಕು ಚುಕ್ಕಿಯೋ

ತುಲಾ ತಿಂಗಳ ಮಳೆ ನಮ್ಮಲ್ಲಿ ಮೂಡಣ ದಿಕ್ಕಿನಿಂದ, ಸಂಜೆ ಹೊತ್ತಿಗೆ ಬರುವುದು. ಬದಿಯಡ್ಕದ ಕಡೆ ಗುಡುಗಿತು ಅಂದರೆ ಕುಂಬಳೆಯಲ್ಲಿರುವ ನಾನು ಮೊದಲು ನನ್ನ ಹ್ಯಾಮ್ ರೇಡಿಯೋದ, ಅಂದರೆ ಹವ್ಯಾಸಕ್ಕೆ ಲೈಸೆನ್ಸ್ ಪಡೆದು ನಡೆಸುವ ರೇಡಿಯೋದ, ಆಂಟೆನಾ ಕೇಬಲ್ ಕಳಚುತ್ತೇನೆ, ಆಮೇಲೆ ಅಂಗಳದ ಬಟ್ಟೆ ತೆಗೆಯುತ್ತೇನೆ. ಈ ಕ್ರಮದ ಬಗ್ಗೆ ಮನೆಯಲ್ಲಿ ತಕರಾರು ಉಂಟು. ಕಳೆದ ವರ್ಷ ಒಂದು ಸಂಜೆ ಕೇಬಲ್ ಕಳಚುವ ಮೊದಲು ಅಕ್ಕನ ಮಗನ ಲ್ಯಾಪ್‌ಟಾಪ್ ಕಡೆ ಕಣ್ಣು ಹೋಯಿತು. ಮೋರ್ಸ್ ಓದುವ ಸಾಫ್ಟ್‌ವೇರ್ ಸಾಲು ಸಾಲು ಬರೆಯುತ್ತಿತ್ತು: ಇ ಇ ಟಿ ಇ ಐ ಟಿ ಇ.

"ಮಾವ, ಸಿಡಿಲಿಗೂ ಲೈಸೆನ್ಸ್ ಸಿಕ್ಕಿದ ಹಾಗೆ ಉಂಟು" ಅಂದ ಅವನು.

ಮೋರ್ಸ್‌ನಲ್ಲಿ ಇ ಅಂದರೆ ಒಂದೇ ಚುಕ್ಕಿ, ಐ ಅಂದರೆ ಎರಡು, ಟಿ ಅಂದರೆ ಒಂದೇ ಗೆರೆ. ಗುಡ್ಡದಾಚೆಯ ಸಿಡಿಲು ರಿಸೀವರಿನಲ್ಲಿ 'ಚಟ್' ಅಂದರೆ ಯಂತ್ರಕ್ಕೆ ಅದು ಇ. ಸ್ವಲ್ಪ ಎಳೆದು 'ಚರ್ರ್' ಅಂದರೆ ಟಿ.

ನನಗೆ ಇದು ಹೊಸತಲ್ಲ. ಈಗ ನಾನು ಮೀನುಗಾರಿಕೆ ಬೋಟುಗಳ ವೈರ್‌ಲೆಸ್ ಸೆಟ್ ರಿಪೇರಿ ಮಾಡುತ್ತೇನೆ. ಅದಕ್ಕೂ ಮೊದಲು 14 ವರ್ಷ ಸರಕು ಹಡಗುಗಳಲ್ಲಿ ರೇಡಿಯೋ ಆಫೀಸರ್ ಆಗಿದ್ದೆ. ಹಡಗಿಗೆ ಒಬ್ಬನೇ ಆಫೀಸರ್. 24 ಗಂಟೆ ಕಿವಿ ಕೊಟ್ಟು ಕೂರಲು ಆಗುವುದಿಲ್ಲ ಅಲ್ವಾ? ಅದಕ್ಕೆ ಆಟೋ ಅಲಾರಂ ಅಂತ ಒಂದು ಪೆಟ್ಟಿಗೆ ಇತ್ತು. ಅಪಾಯದಲ್ಲಿರುವ ಹಡಗು 500 ಕಿಲೋಹರ್ಟ್ಸ್‌ನಲ್ಲಿ 4 ಸೆಕೆಂಡಿನ 12 ಉದ್ದ ಗೆರೆ ಕಳಿಸುತ್ತಿತ್ತು, ನಡುವೆ ಒಂದೊಂದು ಸೆಕೆಂಡು ಬಿಡುವು. ಅಂಥ ಕೆಲವು ಗೆರೆ ಸಿಕ್ಕಿದ ಕೂಡಲೇ ಪೆಟ್ಟಿಗೆ ನನ್ನ ಕ್ಯಾಬಿನ್‌ನಲ್ಲಿ ಗಂಟೆ ಬಾರಿಸುತ್ತಿತ್ತು. ಸಿಡಿಲಿನ ಗಲಾಟೆ ಜಾಸ್ತಿ ಇರುವ ಕಡಲಿನಲ್ಲಿ ಅದು ಸುಮ್ಮಸುಮ್ನೆ ಬಾರಿಸುವುದೂ ಇತ್ತು. ರಾತ್ರಿ ಎರಡು ಗಂಟೆಗೆ ಎದ್ದು, ಲುಂಗಿ ಸರಿ ಮಾಡಿಕೊಂಡು, ಹೆಡ್‌ಫೋನ್ ಹಾಕಿ ಕೂತರೆ ಬರೀ ಚಟಚಟ.

ಆದರೂ ಪ್ರತಿ ಸಲ ಏಳಬೇಕು, ಕೇಳಬೇಕು, ಲಾಗ್ ಪುಸ್ತಕದಲ್ಲಿ ಬರೆಯಬೇಕು. ರೇಡಿಯೋ ರೂಮಿನ ಗಡಿಯಾರದಲ್ಲಿ 15ರಿಂದ 18, 45ರಿಂದ 48ನೇ ನಿಮಿಷಕ್ಕೆ ಕೆಂಪು ಬಣ್ಣ ಬಳಿದಿರುತ್ತಿತ್ತು. ಆ ಮೂರು ಮೂರು ನಿಮಿಷ ಯಾರೂ ಆ ಅಲೆಯಲ್ಲಿ ಬಾಯಿ ಬಿಡುವ ಹಾಗಿಲ್ಲ, ಕೇಳುವುದು ಮಾತ್ರ. ಏನೂ ಕೇಳದಿದ್ದರೆ 'ಏನೂ ಕೇಳಲಿಲ್ಲ' ಅಂತಲೇ ದಾಖಲಿಸಬೇಕು. ಪೆಟ್ಟಿಗೆ ಏನು ಹೇಳಿತು ಅಂತ ಅಲ್ಲ, ನಾನು ಏನು ಕೇಳಿದೆ ಅಂತ.

1999ರ ಫೆಬ್ರವರಿ 1ಕ್ಕೆ ಜಿಎಂಡಿಎಸ್ಎಸ್, ಅಂದರೆ ಹಡಗುಗಳ ಅಪಾಯದ ಕರೆಗೆ ಮಾಡಿದ ಹೊಸ ಜಾಗತಿಕ ವ್ಯವಸ್ಥೆ, ಪೂರ್ತಿ ಜಾರಿಗೆ ಬಂತು. ಉಪಗ್ರಹ, ತಾನಾಗಿ ಕರೆ ಕಳಿಸುವ ಉಪಕರಣ ಎಲ್ಲ ಬಂದವು, ಹಡಗಿಗೆ ಮೋರ್ಸ್ ಆಫೀಸರ್ ಬೇಡವಾಯಿತು. ಹಾಗಾಗಿ 'ಯಂತ್ರವೋ ಮನುಷ್ಯನೋ' ಅಂತ ಯಾರಾದರೂ ಕೇಳಿದರೆ ನಾನು ಪಕ್ಷಪಾತಿ ಅಂತ ಮೊದಲೇ ಹೇಳಿಬಿಡುತ್ತೇನೆ. ಸಿಟ್ಟೇನೂ ಇಲ್ಲ. ಹಡಗು ಮುಳುಗುವಾಗ ತೇಲಿ ಬಂದು ಉಪಗ್ರಹಕ್ಕೆ ಕೂಗುವ ಆ ಡಬ್ಬಿ ನಿದ್ದೆ ಮಾಡುವುದಿಲ್ಲ. ನಾನು ಮಾಡುತ್ತಿದ್ದೆ.

ಈಗ ಹ್ಯಾಮ್ ರೇಡಿಯೋ ಸ್ಪರ್ಧೆಗಳಲ್ಲೂ ಇದೇ ಜಗಳ. ಗೊತ್ತಿಲ್ಲದವರಿಗೆ ಚುಟುಕಾಗಿ: ಸಿಕ್ಯು ವರ್ಲ್ಡ್ ವೈಡ್ ಅಂತ ದೊಡ್ಡ ಸ್ಪರ್ಧೆ. ಮಾತಿನದ್ದು ಅಕ್ಟೋಬರ್ ಕೊನೆಯ ವಾರಾಂತ್ಯ, ಮೋರ್ಸ್‌ನದ್ದು ನವೆಂಬರ್ ಕೊನೆಯ ವಾರಾಂತ್ಯ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗ್ಗೆ 5.30ಕ್ಕೆ ಶುರು, 48 ಗಂಟೆ. ಪ್ರಪಂಚವನ್ನು 40 ವಲಯ ಮಾಡಿದ್ದಾರೆ, ನಾವು 22. ಸಿಕ್ಕಿದವರಿಗೆ ಸಿಗ್ನಲ್ ವರದಿ ಮತ್ತು ವಲಯದ ಸಂಖ್ಯೆ ಕೊಡಬೇಕು, ಅವರದ್ದು ಬರೆದುಕೊಳ್ಳಬೇಕು. ಸಿಗ್ನಲ್ ಹೇಗಿದ್ದರೂ ಎಲ್ಲರೂ ಕೊಡುವುದು 599, ಅಂದರೆ 'ಬಹಳ ಚೆನ್ನಾಗಿದೆ', ಅದೊಂದು ತಮಾಷೆ. ಬೇರೆ ಖಂಡದವರು ಸಿಕ್ಕಿದರೆ 3 ಅಂಕ, ನಮ್ಮ ಏಷ್ಯಾದ ಬೇರೆ ದೇಶದವರಿಗೆ 1. ಹೊಸ ದೇಶ, ಹೊಸ ವಲಯ ಸಿಕ್ಕಿದಷ್ಟೂ ಗುಣಕ, ಅಂದರೆ ಒಟ್ಟು ಅಂಕವನ್ನು ಗುಣಿಸುವ ಸಂಖ್ಯೆ, ಏರುತ್ತದೆ.

ಮೊದಲು ಡಯಲ್ ತಿರುಗಿಸಿ ತಿರುಗಿಸಿ ಹುಡುಕಬೇಕಿತ್ತು. 2008ರಲ್ಲಿ ಸಿಡಬ್ಲ್ಯು ಸ್ಕಿಮ್ಮರ್ ಅಂತ ಸಾಫ್ಟ್‌ವೇರ್ ಬಂದ ಮೇಲೆ ಆಟ ಬದಲಾಯಿತು. ಬ್ಯಾಂಡಿನಲ್ಲಿರುವ, ಅಂದರೆ ಹ್ಯಾಮ್‌ಗಳಿಗೆ ಬಿಟ್ಟ ಒಂದು ಅಲೆಪಟ್ಟಿಯಲ್ಲಿರುವ, ಮೋರ್ಸ್‌ಗಳನ್ನೆಲ್ಲ ಒಟ್ಟಿಗೇ ಓದಿ, ಯಾರು ಎಲ್ಲಿದ್ದಾರೆ ಅಂತ ಪಟ್ಟಿ ಹಾಕುತ್ತದೆ. ರಿವರ್ಸ್ ಬೀಕನ್ ನೆಟ್‌ವರ್ಕ್ ಅಂತ ಅಂಥ ರಿಸೀವರುಗಳ ಜಾಲವೇ ಉಂಟು. ಹೆಸರಿನ ಮೇಲೆ ಒತ್ತಿದರೆ ನನ್ನ ರೇಡಿಯೋ ಸೆಟ್ ಆ ಜಾಗಕ್ಕೇ ಹಾರುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ನನ್ನ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಗುರುತಿನ ಹೆಸರು, ಹೋಗುತ್ತದೆ. ಮೋರ್ಸ್ ಒತ್ತುವ ಕೀ ಮುಟ್ಟಬೇಕೆಂದೇ ಇಲ್ಲ.

ಒಂದು ನವೆಂಬರಿನ ಭಾನುವಾರ ನಾನು ಹೀಗೇ ಮಾಡಿದೆ. 15 ಮೀಟರ್ ಬ್ಯಾಂಡಿನಲ್ಲಿ ಒಂದು ಹೊಸ ದೇಶ ಪರದೆಯಲ್ಲಿ ಕಂಡಿತು. ಕಾಲ್‌ಸೈನಿನ ಕೊನೆಯ ಅಕ್ಷರ ಎಸ್. ಒತ್ತಿದೆ, ಹಾರಿದೆ, ಕರೆದೆ, ಎರಡನೇ ಸಲಕ್ಕೆ ಉತ್ತರ ಬಂತು, ಬರೆದೆ. ಊಟಕ್ಕೆ ಎದ್ದೆ, ಖುಷಿಯಲ್ಲಿ. ತಿಂಗಳುಗಳ ನಂತರ ಲಾಗ್ ಪರಿಶೀಲನೆಯ ವರದಿ ಬಂತು. ಕೊನೆಯ ಅಕ್ಷರ ಎಸ್ ಅಲ್ಲ, ಎಚ್. ಮೋರ್ಸ್‌ನಲ್ಲಿ ಎಸ್‌ಗೆ ಮೂರು ಚುಕ್ಕಿ, ಎಚ್‌ಗೆ ನಾಲ್ಕು. ಸಿಗ್ನಲ್ ಏರಿಳಿಯುವಾಗ ಎಲ್ಲೋ ಒಂದು ಸ್ಕಿಮ್ಮರ್ ಒಂದು ಚುಕ್ಕಿ ನುಂಗಿತ್ತು. ಆ ಸ್ಟೇಷನ್ ತನ್ನ ಕಾಲ್‌ಸೈನನ್ನು ನಾನು ಅಲ್ಲಿದ್ದಾಗಲೇ ಒಮ್ಮೆಯಾದರೂ ಕಳಿಸಿರಲೇಬೇಕು. ನನ್ನ ಕಿವಿಯೂ ಅಲ್ಲೇ ಇತ್ತು, ಕೇಳುತ್ತಿರಲಿಲ್ಲ ಅಷ್ಟೆ. ಅಂಕ ಹೋಯಿತು, ಗುಣಕ ಹೋಯಿತು, ಮೇಲಿಂದ ದಂಡ. 14 ವರ್ಷ 'ಕೇಳಿದ್ದನ್ನೇ ಬರೆ' ಅಂತ ಬದುಕಿದವನು ನಾನು!

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಲಾಗ್ ಸಾಫ್ಟ್‌ವೇರುಗಳಲ್ಲಿ ಹಳೆಯ ಸ್ಪರ್ಧಿಗಳ ಕಾಲ್‌ಸೈನ್ ಪಟ್ಟಿ ಇರುತ್ತದೆ. ಎರಡಕ್ಷರ ಹೊಡೆದರೆ ಉಳಿದದ್ದನ್ನು ಅದೇ ಸೂಚಿಸುತ್ತದೆ. ಅಕ್ಕನ ಮಗನದ್ದು ವಿಯು3 ಅಂತ ಶುರುವಾಗುವ ಕಾಲ್‌ಸೈನ್, ಹೊಸ ಲೈಸೆನ್ಸ್, ಯಾವ ಪಟ್ಟಿಯಲ್ಲೂ ಇಲ್ಲ. ಅವನು ಒಬ್ಬರನ್ನು ಕರೆದ. ಆ ಕಡೆಯಿಂದ ವಿಯು2 ಅಂತ ಉತ್ತರ. ಇವನು 3 ಅಂತ ತಿದ್ದಿದ. ಮತ್ತೆ ವಿಯು2. ಅವರ ಪರದೆ ಹಳೆಯ ಹೆಸರೊಂದನ್ನು ತೋರಿಸುತ್ತಿದ್ದಿರಬೇಕು. ಇವನು ಮೂರನ್ನು ಎಷ್ಟು ನಿಧಾನ ಕಳಿಸಿದ ಅಂದರೆ, ಮೂರು ಚುಕ್ಕಿ ಎರಡು ಗೆರೆಯ ನಡುವೆ ಚಾ ಕುಡಿದು ಬರಬಹುದಿತ್ತು. ಕೊನೆಗೂ ಸರಿಯಾಗಲಿಲ್ಲ. ಗಟ್ಟಿ ಸಿಗ್ನಲ್ ಇತ್ತು, ಬಿರುಗಾಳಿ ಇಲ್ಲ, ಸಿಡಿಲಿಲ್ಲ. ಯಂತ್ರಕ್ಕೆ ಗೊತ್ತಿಲ್ಲದವನು ಪ್ರಪಂಚದಲ್ಲೇ ಇಲ್ಲ!

ಸ್ಕಿಮ್ಮರ್ ಸೋಲುವ ಜಾಗ ಪೈಲ್‌ಅಪ್. ಒಂದೇ ಜಾಗದಲ್ಲಿ ಹತ್ತಾರು ಜನ ಒಟ್ಟಿಗೆ ಕರೆದರೆ ಅದಕ್ಕೆ ಕಲಸುಮೇಲೋಗರ. ಪಳಗಿದ ಕಿವಿ ಅದರಲ್ಲೂ ಒಬ್ಬನ ಸ್ವರದ ಏರು, ಇನ್ನೊಬ್ಬನ ಕೈಯ ವೇಗ ಹಿಡಿದು ಬೇರೆ ಮಾಡುತ್ತದೆ. ಇದು ನಮ್ಮೂರವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕುಂಬಳೆ ಪೇಟೆಯಲ್ಲಿ ಒಬ್ಬ ತುಳುವಿನಲ್ಲಿ ಚೌಕಾಸಿ ಮಾಡುತ್ತಾನೆ, ಇನ್ನೊಬ್ಬ ಮಲಯಾಳದಲ್ಲಿ ಬಸ್ಸು ಕರೆಯುತ್ತಾನೆ, ಹಿಂದಿನಿಂದ ಯಾರೋ ಬ್ಯಾರಿ ಭಾಷೆಯಲ್ಲಿ ನಗುತ್ತಾರೆ. ನಡುವೆ ನಮ್ಮ ಹೆಸರು ಕರೆದರೆ ಸಾಕು, ತಿರುಗಿ ನೋಡುತ್ತೇವೆ.

ಕೌಶಲ ಅಂದರೆ ಕಿವಿ ಮಾತ್ರ ಅಂತಲೂ ಅಲ್ಲ. ಡಬ್ಲ್ಯುಆರ್‌ಟಿಸಿ ಅಂತ ಹ್ಯಾಮ್‌ಗಳ ವಿಶ್ವಕಪ್ ಉಂಟು, 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾದದ್ದು. 2018ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಆಯಿತು. ಈಗೀಗ ಎಲ್ಲ ತಂಡಕ್ಕೂ ಒಂದೇ ಥರದ ಆಂಟೆನಾ, 100 ವಾಟ್, ಹತ್ತಿರ ಹತ್ತಿರದ ಬಯಲು. ಆದರೂ ಮೊದಲನೆಯವರಿಗೂ ಕೊನೆಯವರಿಗೂ ಅಂಕದಲ್ಲಿ ಬಹಳ ಅಂತರ. ಅದು ಯಾವಾಗ ಬ್ಯಾಂಡ್ ಬದಲಿಸಬೇಕು, ಒಂದು ಗುಣಕದ ಹಿಂದೆ ಎಷ್ಟು ನಿಮಿಷ ಓಡಬೇಕು ಎಂಬ ತೀರ್ಮಾನದ ಅಂತರ. ನನ್ನಂಥವನಿಗೆ ಸೂರ್ಯ ಮುಳುಗಿದ ಮೇಲೆ 40 ಮೀಟರಿನಲ್ಲಿ ಯುರೋಪ್ ಏಳುವಾಗ, 1 ಅಂಕದ ನೆರೆಯವರ ಹಿಂದೆ ಹೋಗುವುದು ದಡ್ಡತನ. ಪರದೆ ಎರಡನ್ನೂ ತೋರಿಸುತ್ತದೆ, ಯಾವುದು ಮೊದಲು ಅಂತ ತೀರ್ಮಾನ ಮಾಡಬೇಕಾದವ ನಾನು.

ಕಂಪ್ಯೂಟರೇ ಕಳಿಸಿ ಕಂಪ್ಯೂಟರೇ ಓದುವ ಎಫ್‌ಟಿ8 ಅಂತ ಒಂದು ಡಿಜಿಟಲ್ ವಿಧಾನವೂ ಉಂಟು. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಜೋ ಟೇಲರ್, ಸ್ಟೀವ್ ಫ್ರಾಂಕೆ ಎಂಬವರ ಜೊತೆ ಸೇರಿ 2017ರಲ್ಲಿ ಹೊರತಂದದ್ದು. 15 ಸೆಕೆಂಡಿನ ಸರದಿ, ಕಿವಿಗೆ ಕೇಳದಷ್ಟು ಕ್ಷೀಣ ಸಿಗ್ನಲ್ಲನ್ನೂ ಓದುತ್ತದೆ. ಎಲ್‌ಇಡಿ ಬಲ್ಬು, ಇನ್ವರ್ಟರುಗಳ ಗಲಾಟೆಯ ನಡುವೆ ನನಗೂ ಅದು ಉಪಕಾರಿಯೇ. ಅದಕ್ಕೆ ಬೇರೆಯೇ ಸ್ಪರ್ಧೆಗಳಿವೆ. ವರ್ಲ್ಡ್ ವೈಡ್ ಡಿಜಿ ಅಂತ ಒಂದರಲ್ಲಿ ವಲಯದ ಬದಲು ನಕಾಶೆಯ ಚೌಕ ಕಳಿಸುತ್ತೇವೆ, ಕಾಸರಗೋಡಿನದ್ದು ಎಂಕೆ72. ನನ್ನ ತಕರಾರು ಮನುಷ್ಯ ಮಲಗಿದ್ದಾಗಲೂ ಲಾಗ್ ತುಂಬುವ ಪ್ರೋಗ್ರಾಂ ಬಗ್ಗೆ ಮಾತ್ರ. ನೂರು ದೇಶ ಸಂಪರ್ಕಿಸಿದವರಿಗೆ ಕೊಡುವ ಡಿಎಕ್ಸ್‌ಸಿಸಿ ಪ್ರಶಸ್ತಿಯ ನಿಯಮವೂ ಎರಡೂ ಕಡೆ ಆಪರೇಟರ್ ತಾನೇ ಶುರು ಮಾಡಿದ ಸಂಪರ್ಕ ಬೇಕು ಅನ್ನುತ್ತದೆ. ಸಿಕ್ಯು ವರ್ಲ್ಡ್ ವೈಡ್‌ನಲ್ಲಿ ಸ್ಪಾಟ್, ಅಂದರೆ ಸ್ಕಿಮ್ಮರಿನಂಥವು ಕೊಡುವ ಪಟ್ಟಿ, ನೋಡುವವರಿಗೆ ಅಸಿಸ್ಟೆಡ್ ಅಂತ ಬೇರೆ ವಿಭಾಗ ಉಂಟು. ನೋಡಿದವರು ಅಲ್ಲಿ ಹೆಸರು ಕೊಡಲಿ, ನನಗೆ ಅಷ್ಟೇ ಸಾಕು.

    

ಅಕ್ಕನ ಮಗ ಈಗ ದಿನಕ್ಕೆ ಅರ್ಧ ಗಂಟೆ ಕೇಳುವ ಅಭ್ಯಾಸ ಮಾಡುತ್ತಾನೆ. ಲ್ಯಾಪ್‌ಟಾಪ್ ಮೇಲೆ ನನ್ನ ಬೈರಾಸು ಹೊದೆಸುತ್ತೇವೆ. ಪೆನ್ಸಿಲಿನಲ್ಲಿ ಬರೆದು, ಆಮೇಲೆ ಬೈರಾಸು ಎತ್ತಿ ನೋಡುವುದು. ಮೊನ್ನೆ ಕಾಗದದಲ್ಲಿ ಯು ಇತ್ತು, ಪರದೆಯಲ್ಲಿ ವಿ. ಎರಡು ಚುಕ್ಕಿ ಒಂದು ಗೆರೆಯೋ, ಮೂರು ಚುಕ್ಕಿ ಒಂದು ಗೆರೆಯೋ?

"ಇನ್ನೊಮ್ಮೆ ಕೇಳುವಾ ಮಾವ" ಅಂದ.

ಕಾದೆವು. ಆ ಸ್ಟೇಷನ್ ಮತ್ತೆ ಕರೆಯಿತು. ಮೂರು ಚುಕ್ಕಿ. ಯಂತ್ರವೇ ಸರಿ. ಅವನು ಅಳಿಸಿ ವಿ ಅಂತ ಬರೆದ, ಬೈರಾಸು ಪುನಃ ಹೊದೆಸಿದ.