ಬೆರಳು ನಿಲ್ಲುವ ಜಾಗ

ಮೆಟ್ರೋ ಅಥವಾ ಬಸ್ ಮಾರ್ಗಗಳ ನಕ್ಷೆಯ ಕರಡು ತಯಾರಾದ ಕೂಡಲೇ ನಾನು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸುತ್ತೇನೆ. ಆ ಮಾರ್ಗಗಳ ಪರಿಚಯವೇ ಇಲ್ಲದ ಒಬ್ಬರನ್ನು ಕರೆದು, 'ಇಲ್ಲಿಂದ ಅಲ್ಲಿಗೆ ಹೋಗಬೇಕು, ದಾರಿ ಹುಡುಕಿ' ಅನ್ನುತ್ತೇನೆ. ಆಮೇಲೆ ಸುಮ್ನೆ ನಿಂತು ಅವರ ಬೆರಳನ್ನು ನೋಡುತ್ತೇನೆ.

ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರು. ಅವರ ಬೆರಳು ನೀಲಿ ಗೆರೆ ಹಿಡಿದು ಸಲೀಸಾಗಿ ಸಾಗಿತು. ಮಾರ್ಗ ಬದಲಿಸುವ ನಿಲ್ದಾಣದ ಹತ್ತಿರ ನಿಂತುಬಿಟ್ಟಿತು. ಅಲ್ಲಿ ಎರಡು ವೃತ್ತಗಳಿದ್ದವು, ಅವುಗಳ ನಡುವೆ ಒಂದು ಚಿಕ್ಕ ಬಿಳಿ ಪಟ್ಟಿ. ನಮ್ಮ ಲೆಕ್ಕದಲ್ಲಿ ಅದು ನಡೆದು ದಾಟುವ ಸುರಂಗ. ಅವರು ಕೇಳಿದ್ದು: 'ಇಲ್ಲಿಂದ ಇಲ್ಲಿಗೂ ಇನ್ನೊಂದು ರೈಲು ಹತ್ತಬೇಕಾ?' ತಂಡದಲ್ಲಿ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನಮಗೆಲ್ಲ ಆ ಗುರುತು ಮೊದಲೇ ಗೊತ್ತಿತ್ತು, ಅಲ್ವಾ?

ಇಂಥ ನಕ್ಷೆಯನ್ನು ಸ್ಕೀಮ್ಯಾಟಿಕ್ ನಕ್ಷೆ ಅನ್ನುತ್ತೇವೆ. ದೂರ, ದಿಕ್ಕು, ತಿರುವು ಯಾವುದೂ ಇದ್ದ ಹಾಗೇ ಇರುವುದಿಲ್ಲ. ಯಾವುದಾದ ಮೇಲೆ ಯಾವುದು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಅನ್ನುವುದಷ್ಟೇ ಉಳಿಯುತ್ತದೆ. ಲಂಡನ್ನಿನ ನೆಲದಡಿಯ ರೈಲು, ಅಂದರೆ ಲಂಡನ್ ಅಂಡರ್‌ಗ್ರೌಂಡ್‌ಗೆ ಇಂಥದ್ದನ್ನು ಬರೆದುಕೊಟ್ಟವರು ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್. 1931ರಲ್ಲಿ ಮೊದಲ ಕರಡು ತೋರಿಸಿದಾಗ ಅಧಿಕಾರಿಗಳು ಒಪ್ಪಲಿಲ್ಲ. 1933ರಲ್ಲಿ ಅದು ಜೇಬಿನ ನಕ್ಷೆಯಾಗಿ ಜನರ ಕೈಗೆ ಬಂತು. ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆ ಗೆರೆಗಳು, ಹಿಗ್ಗಿಸಿದ ನಗರ ಕೇಂದ್ರ, ಕುಗ್ಗಿಸಿದ ಹೊರವಲಯ. ನೆಲದ ಮೇಲಿನ ನಗರದ ಗುರುತಾಗಿ ಥೇಮ್ಸ್ ನದಿ ಮಾತ್ರ ಉಳಿಯಿತು. 2009ರಲ್ಲಿ ಆ ನದಿಯನ್ನೂ ತೆಗೆದಾಗ ಜನ ಗಲಾಟೆ ಮಾಡಿದರು, ಅದು ವಾಪಸ್ ಬಂತು. ಒಂದೇ ಒಂದು ಆಸರೆಯ ಗೆರೆ ಎಷ್ಟು ಮುಖ್ಯ ನೋಡಿ.

ಈ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಝಾನ್ ಗುವೊ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನ. ಲಂಡನ್ನಿನ ಪ್ರಯಾಣಿಕರು ದಾರಿ ಆರಿಸುವಾಗ ನಿಜವಾಗಿ ಹಿಡಿಯುವ ಸಮಯಕ್ಕಿಂತ ನಕ್ಷೆಯಲ್ಲಿ ಕಾಣುವ ದೂರಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಬೆಲೆ ಕೊಡುತ್ತಾರೆ ಅಂತ ಅವರು ಕಂಡುಕೊಂಡರು. ಅಂದರೆ ನಾವು ಜಾಗ ಸಾಲದು ಅಂತ ಒಂದು ಗೆರೆಯನ್ನು ಚಿಕ್ಕದು ಮಾಡಿದರೆ, ಜನ ಆ ಕಡೆ ಹೋಗುತ್ತಾರೆ. ಆ ಗಾಡಿಯಲ್ಲಿ ನೂಕುನುಗ್ಗಲು ಹೆಚ್ಚುತ್ತದೆ. ಒಬ್ಬ ಡಿಸೈನರ್ ಎಳೆದ ಗೆರೆ ವೇಳಾಪಟ್ಟಿಯಷ್ಟೇ ಗಟ್ಟಿಯಾಗಿ ಜನರನ್ನು ಅತ್ತಿತ್ತ ತಿರುಗಿಸುತ್ತದೆ. ಹಾಗಾಗಿ ನಕ್ಷೆಯನ್ನು ಕೊನೆಗೆ ಮಾಡಿಸುವ ಪೋಸ್ಟರ್ ಅಂತ ನೋಡುವವರ ಜೊತೆ ನಾನು ಗಟ್ಟಿಯಾಗಿ ವಾದ ಮಾಡುತ್ತೇನೆ. ನಕ್ಷೆ ಸೇವೆಯ ಒಂದು ಭಾಗ. ರೈಲಿನ ಬಾಗಿಲು ಹೇಗೋ ಹಾಗೆ.

ಹಾಗಾದರೆ ಚೆನ್ನಾಗಿ ಕಾಣುವ ನಕ್ಷೆ ಚೆನ್ನಾಗಿ ಕೆಲಸ ಮಾಡುತ್ತದಾ? ಎಸೆಕ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ ರಾಬರ್ಟ್ಸ್ ಪ್ಯಾರಿಸ್ ಮೆಟ್ರೋಗೆ ಬಾಗುಗೆರೆಗಳ ನಕ್ಷೆಯೊಂದನ್ನು ಬರೆದು, ಅಧಿಕೃತ ನಕ್ಷೆಯ ಜೊತೆ ಹೋಲಿಸಿ ಪರೀಕ್ಷೆ ಮಾಡಿದರು. ಬಾಗುಗೆರೆಗಳಲ್ಲಿ ಜನ ಬೇಗ ದಾರಿ ಹುಡುಕಿದರು. ಆದರೆ ಜನ ಇಷ್ಟಪಟ್ಟ ನಕ್ಷೆಗೂ ಅವರು ಬೇಗ ಓದಿದ ನಕ್ಷೆಗೂ ಸಂಬಂಧವೇ ಕಾಣಲಿಲ್ಲ. ಪ್ಯಾರಿಸ್ ಮೆಟ್ರೋದಲ್ಲಿ ತಿರುವುಗಳು ತುಂಬಾ. ಅದನ್ನು ನೇರ ಗೆರೆಗೆ ಒಗ್ಗಿಸಲು ಹೋದರೆ ಒಂದೇ ಮಾರ್ಗಕ್ಕೆ ಹತ್ತು ಮೂಲೆ ಬರುತ್ತವೆ, ಪ್ರತಿ ಮೂಲೆಯಲ್ಲೂ ಕಣ್ಣು ಎಡವುತ್ತದೆ. ನಾನಂತೂ 'ಯಾವುದು ಇಷ್ಟವಾಯಿತು?' ಅಂತ ಮೊದಲು ಕೇಳುವುದನ್ನೇ ಬಿಟ್ಟಿದ್ದೇನೆ. ಮೊದಲು ದಾರಿ ಹುಡುಕಿಸುತ್ತೇನೆ.

ಮೇಲಿರುವ ಊರೂ ಲೆಕ್ಕಕ್ಕೆ ಬರುತ್ತದೆ. 1972ರಲ್ಲಿ ಡಿಸೈನರ್ ಮಾಸಿಮೊ ವಿನ್ಯೆಲ್ಲಿ ಅವರ ಸಂಸ್ಥೆ ನ್ಯೂಯಾರ್ಕಿನ ಮೆಟ್ರೋಗೆ (ಅಲ್ಲಿ ಅದಕ್ಕೆ ಸಬ್‌ವೇ ಅನ್ನುತ್ತಾರೆ) ಕೊಟ್ಟ ನಕ್ಷೆ ನನ್ನ ಕಣ್ಣಿಗೆ ಇವತ್ತಿಗೂ ಸುಂದರ. ಆದರೆ ಅದರಲ್ಲಿ ಉದ್ದನೆಯ ಸೆಂಟ್ರಲ್ ಪಾರ್ಕ್ ಚೌಕವಾಗಿತ್ತು. ಮ್ಯಾನ್‌ಹ್ಯಾಟನ್ನಿನ ಜನರಿಗೆ ಬೀದಿಗಳ ನಂಬರೇ ದಾರಿ, ಪಾರ್ಕ್ ಎಷ್ಟು ಉದ್ದ ಅಂತ ಕಾಲಿಗೇ ಗೊತ್ತು. ಅವರಿಗೆ ಅದು ಹೊಂದಲಿಲ್ಲ. 1979ರಲ್ಲಿ ಭೂಪಟದ ಥರದ ನಕ್ಷೆ ಬಂತು. 2025ರಲ್ಲಿ ಮತ್ತೆ ಸ್ಕೀಮ್ಯಾಟಿಕ್ ಶೈಲಿಗೇ ಮರಳಿದ್ದಾರೆ. ಈಗ ಬೀದಿ ತೋರಿಸುವ ಕೆಲಸವನ್ನು ಮೊಬೈಲ್ ಮಾಡುತ್ತದೆ, ಗೋಡೆಯ ನಕ್ಷೆಯ ಮೇಲಿನ ಭಾರ ಸ್ವಲ್ಪ ಇಳಿದಿದೆ ಅನ್ನುವುದು ನನ್ನ ಅನಿಸಿಕೆ.

ಬಸ್ಸಿನ ವಿಷಯ ಬೇರೆ. ಅಲ್ಲಿ ಗೆರೆಗಿಂತ ಕಾಯುವ ಹೊತ್ತು ಮುಖ್ಯ. ಹತ್ತು ನಿಮಿಷಕ್ಕೊಂದು ಬರುವ ಬಸ್ಸಿಗೂ ದಿನಕ್ಕೆ ಮೂರು ಸಲ ಬರುವ ಬಸ್ಸಿಗೂ ಒಂದೇ ದಪ್ಪದ ಗೆರೆ ಹಾಕಿದರೆ ಓದುವವರಿಗೆ ಮೋಸ. ಪದೇ ಪದೇ ಬರುವುದನ್ನು ದಪ್ಪಗೆ, ಅಪರೂಪದ್ದನ್ನು ತೆಳ್ಳಗೆ ಎಳೆಯಿರಿ. ಇಷ್ಟು ಮಾಡಿದರೂ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಆ ಬಿಳಿ ಪಟ್ಟಿಗೆ ಬರುತ್ತೇನೆ. ಅದರ ಪಕ್ಕ ನಡೆಯುವ ಮನುಷ್ಯನ ಚಿತ್ರ ಹಾಕಿ 'ನಡೆದು 6 ನಿಮಿಷ' ಅಂತ ಬರೆದೆವು. ಬರೆದ ಮೇಲೆ ಕೆಲಸ ಬೆಳೆಯಿತು. 6 ನಿಮಿಷ ಯಾರಿಗೆ? ಕೋಲು ಹಿಡಿದವರಿಗೆ ಎಷ್ಟು? ಲಿಫ್ಟ್ ಕೆಟ್ಟ ದಿನ ಈ ಸಾಲನ್ನು ಯಾರು ಮುಚ್ಚುತ್ತಾರೆ? ಸುರಂಗದ ಒಳಗಿನ ಬೋರ್ಡಿನಲ್ಲಿ ನಿಲ್ದಾಣದ ಹೆಸರು ನಕ್ಷೆಯಲ್ಲಿ ಇದ್ದ ಹಾಗೇ ಇದೆಯಾ? ಹೋಗಿ ನೋಡಿದರೆ ಇರಲಿಲ್ಲ. ನಕ್ಷೆಯಲ್ಲಿ ಒಂದು ಹೆಸರು, ಬೋರ್ಡಿನಲ್ಲಿ ಇನ್ನೊಂದು, ಮೈಕಿನಲ್ಲಿ ಕೂಗುವುದು ಮೂರನೆಯದು. ಮೂರೂ ಬೇರೆ ಬೇರೆ ವಿಭಾಗದ ಕೈಯಲ್ಲಿದ್ದವು. ಅವರನ್ನು ಒಂದೇ ಮೇಜಿನ ಸುತ್ತ ಕೂರಿಸಲು ನಕ್ಷೆ ಬರೆದದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಕೊನೆಗೆ ಮೂರೂ ಕಡೆ ಒಂದೇ ಹೆಸರು ಬಂತು. ಅದೇ ಹೆಂಗಸನ್ನು ಮತ್ತೆ ಕರೆಸಿದೆವು. ಅವರ ಬೆರಳು ಆ ಪಟ್ಟಿಯ ಮೇಲೆ ಒಂದು ಕ್ಷಣ ನಿಂತಿತು, ಸಾಲನ್ನು ಓದಿತು, ಮುಂದೆ ಹೋಯಿತು.